ಎಸ್‌ಎಸ್‌ಒ ಮೂಲಕ ಕ್ಲೌಡ್‌ಗೆ ತಾತ್ಕಾಲಿಕ ಪ್ರವೇಶ: ಯಾರಿಗೆ ಯಾವ ದಾರಿ?

ಹೊರಗಿನಿಂದ ಬಂದ ಒಬ್ಬರಿಗೆ ಮೂರು ವಾರದ ಮಟ್ಟಿಗೆ ಪ್ರೊಡಕ್ಷನ್‌ನ, ಅಂದರೆ ಗ್ರಾಹಕರು ಬಳಸುತ್ತಿರುವ ವ್ಯವಸ್ಥೆಯ, ಲಾಗ್ ನೋಡಬೇಕಿದೆ. ಸುಲಭದ ದಾರಿ ಎಲ್ಲರಿಗೂ ಗೊತ್ತು. ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯುಎಸ್‌ನ ಕನ್ಸೋಲ್ ತೆರೆದು, ಹಕ್ಕುಗಳನ್ನು ನೋಡಿಕೊಳ್ಳುವ ಐಎಎಂನಲ್ಲಿ ಒಂದು ಯೂಸರ್ ಮಾಡಿ, ಅದಕ್ಕೆ ಆಕ್ಸೆಸ್ ಕೀ (ಪ್ರೋಗ್ರಾಂಗಳು ಬಳಸುವ ಪಾಸ್‌ವರ್ಡ್‌ನಂಥದ್ದು) ತೆಗೆದು, ಚಾಟ್‌ನಲ್ಲಿ ಕಳಿಸಿಬಿಡುವುದು. ಐದು ನಿಮಿಷದ ಕೆಲಸ.

ಹಿಂದೆ ಇದ್ದ ಒಂದು ತಂಡದಲ್ಲಿ ನಾನೇ ಹೀಗೆ ಮಾಡಿದ್ದೆ. ಅವರು ಮೂರು ವಾರಕ್ಕೆ ಕೆಲಸ ಮುಗಿಸಿ ಹೋದರು, ಕೀ ಮಾತ್ರ ಉಳಿದುಕೊಂಡಿತು. ಹತ್ತು ತಿಂಗಳಾದ ಮೇಲೆ ಬೇರೇನೋ ಹುಡುಕುವಾಗ ಅದು ಕಣ್ಣಿಗೆ ಬಿತ್ತು. ಕೋಡ್ ಜೋಡಿಸಿ ಸಿದ್ಧ ಮಾಡುವ ಒಂದು ಬಿಲ್ಡ್ ಮೆಷಿನ್‌ನ ಸ್ಕ್ರಿಪ್ಟ್‌ನಲ್ಲಿ ಯಾರೋ ಅದನ್ನು ಹಾಕಿಟ್ಟಿದ್ದರು. ದಿನವೂ ಬಳಕೆಯಾಗುತ್ತಿತ್ತು. ಅದನ್ನು ತೆಗೆಯಲು ಎರಡು ದಿನ ಹಿಡಿಯಿತು. ತೆಗೆದರೆ ಏನೇನು ನಿಲ್ಲುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಇದು ಬರೀ ನಮ್ಮ ತಂಡದ ಕಥೆಯಲ್ಲ. 2016ರಲ್ಲಿ ಊಬರ್‌ನಿಂದ ಸುಮಾರು 5.7 ಕೋಟಿ ಜನರ ಮಾಹಿತಿ ಕಳವಾಯಿತು. ಕಳ್ಳರಿಗೆ ಬೇಕಾದ ಎಡಬ್ಲ್ಯುಎಸ್ ಕೀ ಸಿಕ್ಕಿದ್ದು ಗಿಟ್‌ಹಬ್ ಎಂಬ ತಾಣದಲ್ಲಿ ಕಂಪನಿ ಕೋಡ್ ಇಟ್ಟಿದ್ದ ರೆಪೊಸಿಟರಿಯಲ್ಲಿ. ತಾನಾಗಿ ಸಾಯದ ಕೀ ಎಲ್ಲಿ ಬಿದ್ದಿದ್ದರೂ ಕೆಲಸ ಮಾಡುತ್ತಲೇ ಇರುತ್ತದೆ. ತೊಂದರೆಯ ಬೇರು ಅದೇ.

ಹಾಗಾಗಿ ಎಸ್‌ಎಸ್‌ಒ (ಸಿಂಗಲ್ ಸೈನ್-ಆನ್, ಕಂಪನಿಯ ಒಂದೇ ಲಾಗಿನ್‌ನಿಂದ ಎಲ್ಲ ಕಡೆ ಒಳಗೆ ಹೋಗುವುದು) ಬೇಕು, ಅಲ್ಲಿಂದ ತಾತ್ಕಾಲಿಕ ಟೋಕನ್, ಅಂದರೆ ಹೊತ್ತು ಮುಗಿದರೆ ತಾನಾಗಿ ಸಾಯುವ ಕೀ, ಕೊಡಬೇಕು ಅನ್ನುವುದರಲ್ಲಿ ಈಗ ಯಾರಿಗೂ ಅನುಮಾನವಿಲ್ಲ. ಗೊಂದಲ ಶುರುವಾಗುವುದು ಆಮೇಲೆ. ದಾರಿಗಳು ನಾಲ್ಕೈದಿವೆ, ಹೆಸರುಗಳೂ ಒಂದೇ ಥರ ಕೇಳಿಸುತ್ತವೆ. ಹೆಚ್ಚಿನ ಹೋಲಿಕೆಗಳು ಲಾಗಿನ್ ಹೇಗೆ ಆಗುತ್ತದೆ ಎಂದು ನೋಡುತ್ತವೆ. ನಾನು ಈ ಪ್ರವೇಶ ಹೇಗೆ ಮುಗಿಯುತ್ತದೆ ಎಂದು ನೋಡುತ್ತೇನೆ. ಆಯ್ಕೆಯನ್ನು ಅಲ್ಲಿಂದಲೇ ಶುರು ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎರಡು ಗಡಿಯಾರ

ಒಳಗೆ ನಡೆಯುವುದು ಇಷ್ಟು. ನಿಮ್ಮ ಕಂಪನಿಯಲ್ಲಿ ಜನರ ಗುರುತು ಪರಿಶೀಲಿಸುವ ಒಂದು ಜಾಗ ಇರುತ್ತದೆ. ಓಕ್ಟಾ ಇರಬಹುದು, ಮೈಕ್ರೋಸಾಫ್ಟ್ ಎಂಟ್ರಾ ಇರಬಹುದು, ಕೀಕ್ಲೋಕ್ ಇರಬಹುದು. ಇದನ್ನು ಐಡೆಂಟಿಟಿ ಪ್ರೊವೈಡರ್ ಅನ್ನುತ್ತಾರೆ, ಚಿಕ್ಕದಾಗಿ ಐಡಿಪಿ. ಪಾಸ್‌ವರ್ಡ್, ಎರಡನೇ ಹಂತದ ಪರಿಶೀಲನೆ ಎಲ್ಲವೂ ಅಲ್ಲೇ ಆಗುತ್ತದೆ. ಆಮೇಲೆ ಅದು "ಇವರು ಇಂಥವರು, ಈ ಗ್ರೂಪ್‌ನವರು" ಎಂದು ಸಹಿ ಹಾಕಿದ ಒಂದು ಚೀಟಿ ಕೊಡುತ್ತದೆ. ಕ್ಲೌಡ್ ಆ ಸಹಿಯನ್ನು ನಂಬಿ, ತನ್ನ ಕಡೆಯಿಂದ ಸ್ವಲ್ಪ ಹೊತ್ತಿನ ಟೋಕನ್ ಕೊಡುತ್ತದೆ. ಎಡಬ್ಲ್ಯುಎಸ್‌ನಲ್ಲಿ ಈ ಟೋಕನ್ ಕೊಡುವ ಸೇವೆಯ ಹೆಸರು ಎಸ್‌ಟಿಎಸ್. ಚೀಟಿಯ ಭಾಷೆ ಸಾಮಾನ್ಯವಾಗಿ ಎರಡರಲ್ಲಿ ಒಂದು: 2005ರ ಸ್ಯಾಮಲ್ 2.0, ಇಲ್ಲವೇ 2014ರ ಓಪನ್‌ಐಡಿ ಕನೆಕ್ಟ್.

ಇಲ್ಲಿ ಎರಡು ಗಡಿಯಾರ ಓಡುತ್ತಿರುತ್ತವೆ. ಒಂದು ಸೆಷನ್‌ನ ಗಡಿಯಾರ. ಕೈಯಲ್ಲಿರುವ ಟೋಕನ್ ಎಷ್ಟು ಹೊತ್ತು ಬದುಕುತ್ತದೆ ಎಂದು ಅದು ಹೇಳುತ್ತದೆ. ಇನ್ನೊಂದು ಹಕ್ಕಿನ ಗಡಿಯಾರ. ಹೊಸ ಟೋಕನ್ ಕೇಳುವ ಹಕ್ಕು ಎಷ್ಟು ದಿನ ಇರುತ್ತದೆ ಎಂದು ಅದು ಹೇಳುತ್ತದೆ. ಒಂದು ಗಂಟೆಗೆ ಸಾಯುವ ಟೋಕನ್ ಕೊಟ್ಟು "ತಾತ್ಕಾಲಿಕ ಪ್ರವೇಶ ಆಯಿತು" ಎಂದು ಸಮಾಧಾನ ಪಡುವವರು ಬಹಳ ಜನ. ಆದರೆ ಆ ವ್ಯಕ್ತಿ ಇನ್ನೂ ಗ್ರೂಪ್‌ನಲ್ಲಿದ್ದರೆ, ನಾಳೆಯೂ ಬರಬಹುದು, ಮುಂದಿನ ವರ್ಷವೂ ಬರಬಹುದು. ಟೋಕನ್ ತಾತ್ಕಾಲಿಕವಾಯಿತು, ಪ್ರವೇಶ ಆಗಲಿಲ್ಲ. ಮುಂದಿನ ಪ್ರತಿ ದಾರಿಯನ್ನೂ ಈ ಎರಡು ಗಡಿಯಾರ ಇಟ್ಟುಕೊಂಡೇ ನೋಡೋಣ.

ನೇರ ಸ್ಯಾಮಲ್

ಎಡಬ್ಲ್ಯುಎಸ್‌ನಲ್ಲಿ ಇದು 2013ರಿಂದ ಇದೆ. ಅಕೌಂಟ್‌ನ ಐಎಎಂ ಒಳಗೆ, ಐಡಿಪಿಯ ವಿಳಾಸ ಮತ್ತು ಸಹಿಯ ವಿವರ ಇರುವ ಮೆಟಾಡೇಟಾ ಫೈಲ್ ಹಾಕುತ್ತೀರಿ. ಆ ಐಡಿಪಿಯನ್ನು ನಂಬುವ ಒಂದು ರೋಲ್, ಅಂದರೆ ಬಂದವರು ತೊಟ್ಟುಕೊಳ್ಳುವ ಹಕ್ಕುಗಳ ಗಂಟು, ಮಾಡುತ್ತೀರಿ. ಐಡಿಪಿ ಕಡೆ "ಈ ಗ್ರೂಪ್‌ನವರಿಗೆ ಈ ರೋಲ್" ಎಂದು ಬರೆಯುತ್ತೀರಿ. ಅಷ್ಟೇ.

ಇದರ ದೊಡ್ಡ ಗುಣ ಏನೆಂದರೆ, ಎಡಬ್ಲ್ಯುಎಸ್ ಕಡೆ ಯಾವ ಯೂಸರ್ ಕೂಡ ಹುಟ್ಟುವುದಿಲ್ಲ. ಹುಟ್ಟದ್ದನ್ನು ಅಳಿಸುವ ಕೆಲಸವೂ ಇಲ್ಲ. ಐಡಿಪಿಯಲ್ಲಿ ಆ ವ್ಯಕ್ತಿಯ ಅಕೌಂಟ್ ನಿಂತರೆ ಹೊಸ ಸೆಷನ್ ಶುರುವಾಗುವ ದಾರಿಯೇ ಮುಚ್ಚುತ್ತದೆ. ಒಂದೋ ಎರಡೋ ಎಡಬ್ಲ್ಯುಎಸ್ ಅಕೌಂಟ್ ಇರುವ ಚಿಕ್ಕ ತಂಡಕ್ಕೆ ನಾನು ಈಗಲೂ ಇದನ್ನೇ ಹೇಳುತ್ತೇನೆ. ಅರ್ಥ ಮಾಡಿಕೊಳ್ಳುವುದು ಸುಲಭ, ಕೆಟ್ಟರೆ ಹುಡುಕುವುದೂ ಸುಲಭ.

ಅಕೌಂಟ್ ಹತ್ತು ದಾಟಿದರೆ ಕಷ್ಟ. ಪ್ರತಿ ಅಕೌಂಟ್‌ನಲ್ಲೂ ಐಡಿಪಿ ಸೇರಿಸಬೇಕು, ರೋಲ್ ಮಾಡಬೇಕು. ಐಡಿಪಿಯ ಸಹಿ ಸರ್ಟಿಫಿಕೇಟ್ ಬದಲಾದಾಗ ಎಲ್ಲ ಕಡೆ ಮೆಟಾಡೇಟಾ ಬದಲಿಸಬೇಕು. ಕಮಾಂಡ್ ಲೈನ್ ಇನ್ನೊಂದು ತಲೆನೋವು. ಬ್ರೌಸರ್‌ನಲ್ಲಿ ಸಲೀಸಾಗಿ ನಡೆಯುವ ಸ್ಯಾಮಲ್, ಟರ್ಮಿನಲ್‌ಗೆ ಬಂದರೆ ಬೇರೆಯವರು ಬರೆದ ಟೂಲ್‌ಗಳ ಮೇಲೆ ನಿಲ್ಲುತ್ತದೆ. ಅವುಗಳಲ್ಲಿ ಕೆಲವು ಐಡಿಪಿಯ ಲಾಗಿನ್ ಪುಟವನ್ನೇ ಓದಿ ಕೆಲಸ ಮಾಡುತ್ತವೆ. ಪುಟ ಬದಲಾದ ದಿನ ಟೂಲ್ ನಿಂತಿತು.

ಸೆಷನ್‌ನ ಗಡಿಯಾರದಲ್ಲಿ ಕೆಲವು ಅಂಕಿ ನೆನಪಿರಲಿ. ರೋಲ್‌ನ ಗರಿಷ್ಠ ಅವಧಿಯನ್ನು 1 ಗಂಟೆಯಿಂದ 12 ಗಂಟೆಯವರೆಗೆ ಇಡಬಹುದು. ಕೇಳುವಾಗ 15 ನಿಮಿಷದಷ್ಟು ಕಡಿಮೆಯೂ ಕೇಳಬಹುದು. ಏನೂ ಹೇಳದಿದ್ದರೆ 1 ಗಂಟೆ. ರೋಲ್‌ನಲ್ಲಿ 8 ಗಂಟೆ ಇಟ್ಟು, ಐಡಿಪಿಯಿಂದ ಸೆಷನ್ ಅವಧಿಯ ಆಟ್ರಿಬ್ಯೂಟ್ ಕಳಿಸಲು ಮರೆತರೆ, ಕನ್ಸೋಲ್ 1 ಗಂಟೆಗೇ ಹೊರಗೆ ಹಾಕುತ್ತದೆ. ಇದಕ್ಕೆ ಜನ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಹಾಗೆಯೇ ಐಡಿಪಿ ಕೊಟ್ಟ ಚೀಟಿಯನ್ನು 5 ನಿಮಿಷದೊಳಗೆ ಬಳಸಬೇಕು. ಐಡಿಪಿ ಸರ್ವರ್‌ನ ಸಮಯ ಹಿಂದೆ ಮುಂದೆ ಆಗಿದ್ದರೆ ಎಲ್ಲ ಸರಿ ಇದ್ದೂ ಲಾಗಿನ್ ಆಗುವುದಿಲ್ಲ. ಒಂದು ರೋಲ್‌ನಿಂದ ಇನ್ನೊಂದು ರೋಲ್‌ಗೆ ಹಾರಿದರೆ, ಎರಡನೆಯದು ಎಷ್ಟೇ ಉದಾರವಾಗಿರಲಿ, 1 ಗಂಟೆಗಿಂತ ಜಾಸ್ತಿ ಸಿಗುವುದಿಲ್ಲ.

ಐಡೆಂಟಿಟಿ ಸೆಂಟರ್

2017ರಲ್ಲಿ ಎಡಬ್ಲ್ಯುಎಸ್ ಎಸ್‌ಎಸ್‌ಒ ಎಂಬ ಹೆಸರಿನಲ್ಲಿ ಬಂದದ್ದು, 2022ರಲ್ಲಿ ಐಎಎಂ ಐಡೆಂಟಿಟಿ ಸೆಂಟರ್ ಆಯಿತು. ಅಕೌಂಟ್‌ಗಳೆಲ್ಲ ಒಂದೇ ಆರ್ಗನೈಸೇಷನ್‌ನಲ್ಲಿದ್ದರೆ (ಹಲವು ಅಕೌಂಟ್ ಒಟ್ಟಿಗೆ ನಡೆಸುವ ಎಡಬ್ಲ್ಯುಎಸ್‌ನ ಗುಂಪು) ಇದೇ ಸರಿಯಾದ ಜಾಗ. ಬೇರೆ ಶುಲ್ಕವಿಲ್ಲ. ಐಡಿಪಿಯನ್ನು ಒಂದೇ ಕಡೆ ಜೋಡಿಸುತ್ತೀರಿ. "ಪರ್ಮಿಷನ್ ಸೆಟ್" ಎಂದು ಒಂದು ಅಚ್ಚು ಮಾಡುತ್ತೀರಿ. ಯಾವ ಗ್ರೂಪ್‌ಗೆ ಯಾವ ಅಕೌಂಟ್‌ನಲ್ಲಿ ಯಾವ ಅಚ್ಚು ಎಂದು ಹೇಳಿದರೆ, ಆಯಾ ಅಕೌಂಟ್‌ನಲ್ಲಿ ರೋಲ್‌ಗಳನ್ನು ಅದೇ ಮಾಡಿಕೊಳ್ಳುತ್ತದೆ. ಟರ್ಮಿನಲ್‌ನಲ್ಲೂ ಸ್ವಂತ ಬೆಂಬಲ ಇದೆ. ಒಂದು ಲಾಗಿನ್ ಕಮಾಂಡ್ ಕೊಟ್ಟರೆ ಬ್ರೌಸರ್ ತೆರೆಯುತ್ತದೆ, ಒಪ್ಪಿಗೆ ಕೊಟ್ಟು ವಾಪಸ್ ಬರುವುದು.

ನೇರ ಸ್ಯಾಮಲ್‌ಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸ ಇದೆ. ಇಲ್ಲಿ ಯೂಸರ್ ಮತ್ತು ಗ್ರೂಪ್‌ಗಳ ಪ್ರತಿ ಎಡಬ್ಲ್ಯುಎಸ್ ಕಡೆಯೂ ಇರಬೇಕು. ಅದನ್ನು ಐಡಿಪಿಯಿಂದ ತಾನಾಗಿ ತರುವ ವ್ಯವಸ್ಥೆಗೆ ಸ್ಕಿಮ್ ಎಂದು ಹೆಸರು. ದಯವಿಟ್ಟು ಮೊದಲ ದಿನವೇ ಸ್ಕಿಮ್ ಜೋಡಿಸಿ. ಕೈಯಲ್ಲಿ ಯೂಸರ್ ಸೇರಿಸುತ್ತಾ ಹೋದರೆ, ಹೋದವರ ಹೆಸರು ಉಳಿದುಕೊಳ್ಳುವ ಹಳೆಯ ಕಾಯಿಲೆ ಇಲ್ಲೂ ಬರುತ್ತದೆ.

ಗಡಿಯಾರದ ವಿಷಯದಲ್ಲಿ ಇದು ಸ್ವಲ್ಪ ಮೋಸ ಮಾಡುತ್ತದೆ. ಪೋರ್ಟಲ್‌ನ, ಅಂದರೆ ಮೊದಲು ಲಾಗಿನ್ ಆಗಿ ಅಕೌಂಟ್ ಆರಿಸುವ ಪುಟದ, ಸೆಷನ್ ಬೇರೆ, ರೋಲ್‌ನ ಸೆಷನ್ ಬೇರೆ. ಪೋರ್ಟಲ್‌ನದು ಸುಮ್ನೆ ಬಿಟ್ಟರೆ 8 ಗಂಟೆ. ಪರ್ಮಿಷನ್ ಸೆಟ್‌ನದು ಸುಮ್ನೆ ಬಿಟ್ಟರೆ 1 ಗಂಟೆ, ಗರಿಷ್ಠ 12. ಪೋರ್ಟಲ್ ಸೆಷನ್ ಅಳಿಸಿದ ಮಾತ್ರಕ್ಕೆ ಆಗಲೇ ಕೈಗೆ ಸಿಕ್ಕ ರೋಲ್ ಟೋಕನ್ ಸಾಯುವುದಿಲ್ಲ. ಅದು ತನ್ನ ಆಯಸ್ಸು ಮುಗಿಸಿಯೇ ಹೋಗುತ್ತದೆ. ಪರ್ಮಿಷನ್ ಸೆಟ್‌ನಲ್ಲಿ 12 ಗಂಟೆ ಇಡಬೇಕೆಂದು ಯಾರಾದರೂ ಕೇಳಿದರೆ, ಈ ಮಾತನ್ನು ಅವರಿಗೆ ಹೇಳಿ.

ಹಕ್ಕಿನ ಗಡಿಯಾರವಂತೂ ಇದರೊಳಗೆ ಇಲ್ಲವೇ ಇಲ್ಲ. "ಈ ಗ್ರೂಪ್‌ಗೆ ಈ ಅಕೌಂಟ್, ಶುಕ್ರವಾರದವರೆಗೆ" ಎಂದು ಬರೆಯಲು ಅಲ್ಲಿ ಜಾಗವಿಲ್ಲ. ಅದನ್ನು ಐಡಿಪಿಯಲ್ಲಿ ಗ್ರೂಪ್ ಸದಸ್ಯತ್ವಕ್ಕೆ ಗಡುವು ಇಟ್ಟು ಮಾಡಬೇಕು. ಇಲ್ಲವೇ ಮೇಲೆ ಒಂದು ಪದರ ಹಾಕಬೇಕು. ಎಡಬ್ಲ್ಯುಎಸ್ 2023ರಲ್ಲಿ ಟೀಮ್ ಎಂಬ ಓಪನ್ ಸೋರ್ಸ್ ವ್ಯವಸ್ಥೆಯನ್ನು ಇದಕ್ಕೆಂದೇ ಕೊಟ್ಟಿದೆ. ಬೇಕಾದವರು ಕೇಳುತ್ತಾರೆ, ಮೇಲಿನವರು ಒಪ್ಪುತ್ತಾರೆ, ಹೊತ್ತು ಮುಗಿದಾಗ ಅದೇ ಹಕ್ಕನ್ನು ವಾಪಸ್ ತೆಗೆಯುತ್ತದೆ. ಅದನ್ನು ನಿಲ್ಲಿಸಿ ನಡೆಸುವ ಜವಾಬ್ದಾರಿ ಮಾತ್ರ ನಿಮ್ಮದೇ.

ಸ್ವಂತ ಬ್ರೋಕರ್ ಬರೆಯುವುದು

ಸ್ಯಾಮಲ್ ಬರುವ ಮೊದಲು, 2011ರ ಹೊತ್ತಿಗೆ, ಇದೊಂದೇ ದಾರಿ ಇತ್ತು. ನಿಮ್ಮದೇ ಒಂದು ಸಣ್ಣ ಸರ್ವರ್ ಜನರ ಗುರುತು ನೋಡಿ, ಎಸ್‌ಟಿಎಸ್‌ನಿಂದ ಟೋಕನ್ ತಂದು ಕೊಡುತ್ತದೆ. ಇದಕ್ಕೆ ಬಳಸುವ ಹಳೆಯ ಕರೆಯ (ಪ್ರೋಗ್ರಾಂ ಕ್ಲೌಡ್‌ಗೆ ಕಳಿಸುವ ವಿನಂತಿಯ) ಹೆಸರು ಗೆಟ್ ಫೆಡರೇಷನ್ ಟೋಕನ್. ಅವಧಿ 15 ನಿಮಿಷದಿಂದ 36 ಗಂಟೆ, ಸುಮ್ನೆ ಬಿಟ್ಟರೆ 12 ಗಂಟೆ.

ಐಡಿಪಿಗೆ ಸ್ಯಾಮಲ್ ಬರುವುದಾದರೆ ಇದನ್ನು ಮುಟ್ಟಬೇಡಿ. ಗೆಟ್ ಫೆಡರೇಷನ್ ಟೋಕನ್ ಕರೆಯಲು ಬ್ರೋಕರ್ ಕೈಯಲ್ಲಿ ಒಂದು ಐಎಎಂ ಯೂಸರ್‌ನ ಶಾಶ್ವತ ಕೀ ಇರಬೇಕು. ತಪ್ಪಿಸಿಕೊಳ್ಳಲು ಹೊರಟ ಕೀ ಇನ್ನೊಂದು ರೂಪದಲ್ಲಿ ಮನೆಯೊಳಗೇ ಬಂದ ಹಾಗೆ. ಬ್ರೋಕರ್ ತಾನೂ ಒಂದು ರೋಲ್‌ನಿಂದ ನಡೆದು, ಅಸ್ಯೂಮ್ ರೋಲ್ (ಇನ್ನೊಂದು ರೋಲ್‌ನ ಟೋಕನ್ ಕೇಳುವ ಕರೆ) ಕರೆದರೆ ಈ ತೊಂದರೆ ಇಲ್ಲ. ಒಂದು ಸಂದರ್ಭದಲ್ಲಿ ಇದು ನಿಜಕ್ಕೂ ಒಳ್ಳೆಯದು. ನಿಮ್ಮ ಆ್ಯಪ್‌ನ ಸಾವಿರಾರು ಬಳಕೆದಾರರಿಗೆ, ಒಬ್ಬೊಬ್ಬರಿಗೂ ಎಡಬ್ಲ್ಯುಎಸ್‌ನ ಫೈಲ್ ಸಂಗ್ರಹವಾದ ಎಸ್3 ಬಕೆಟ್‌ನ ತಮ್ಮ ತಮ್ಮ ಫೋಲ್ಡರ್ ಮಾತ್ರ ಕಾಣಬೇಕು ಅಂದುಕೊಳ್ಳಿ. ಟೋಕನ್ ಕೊಡುವಾಗಲೇ ಒಂದು ಸೆಷನ್ ಪಾಲಿಸಿ ಸೇರಿಸಿ ಹಕ್ಕನ್ನು ಕತ್ತರಿಸಿ ಕೊಡಬಹುದು. ರೋಲ್‌ಗೆ ಇರುವುದು ಮತ್ತು ಸೆಷನ್ ಪಾಲಿಸಿ ಬಿಟ್ಟದ್ದು, ಎರಡರಲ್ಲೂ ಇರುವುದಷ್ಟೇ ಸಿಗುತ್ತದೆ.

ಮನುಷ್ಯರಲ್ಲದವರಿಗೆ

ಬಿಲ್ಡ್ ಪೈಪ್‌ಲೈನ್ ಬ್ರೌಸರ್ ತೆರೆದು ಲಾಗಿನ್ ಆಗಲಾರದು. ಅದಕ್ಕೆ ಓಪನ್‌ಐಡಿ ಕನೆಕ್ಟ್ ದಾರಿ. ಗಿಟ್‌ಹಬ್‌ನ ಪೈಪ್‌ಲೈನ್ ಸೇವೆಯಾದ ಆ್ಯಕ್ಷನ್ಸ್‌ಗೆ ಇದು 2021ರಲ್ಲಿ ಬಂತು. ಪ್ರತಿ ಓಟಕ್ಕೂ ಗಿಟ್‌ಹಬ್ ಒಂದು ಸಹಿ ಹಾಕಿದ ಟೋಕನ್ ಕೊಡುತ್ತದೆ, ಎಸ್‌ಟಿಎಸ್ ಅದನ್ನು ನೋಡಿ ರೋಲ್ ಕೊಡುತ್ತದೆ. ಸೀಕ್ರೆಟ್‌ಗಳಲ್ಲಿ ಕೀ ಇಡುವ ಅಗತ್ಯವೇ ಇಲ್ಲ. ನನ್ನ ಆ ಹತ್ತು ತಿಂಗಳ ಕೀಗೂ ಇದೇ ಮದ್ದು ಆಯಿತು.

ಆದರೆ ಒಂದು ಸಾಲು ಮರೆತರೆ ಬಾಗಿಲು ಊರಿಗೆಲ್ಲ ತೆರೆಯಬಹುದು. ರೋಲ್ ಯಾರನ್ನು ನಂಬಬೇಕೆಂದು ಹೇಳುವ ಟ್ರಸ್ಟ್ ಪಾಲಿಸಿಯಲ್ಲಿ "ಗಿಟ್‌ಹಬ್‌ನಿಂದ ಬಂದ ಟೋಕನ್" ಎಂದಷ್ಟೇ ನೋಡಿದರೆ ಸಾಲದು. ಗಿಟ್‌ಹಬ್ ಎಲ್ಲರಿಗೂ ಟೋಕನ್ ಕೊಡುತ್ತದೆ, ಅಲ್ವಾ? ಯಾವ ಸಂಸ್ಥೆಯ ಯಾವ ರೆಪೊಸಿಟರಿ, ಕೋಡ್‌ನ ಯಾವ ಕವಲು (ಬ್ರಾಂಚ್) ಎಂದು ಹೇಳುವ, ಟೋಕನ್ ಒಳಗಿನ ಸಬ್ಜೆಕ್ಟ್ ಕ್ಲೇಮ್ ಅನ್ನೂ ಕಟ್ಟುನಿಟ್ಟಾಗಿ ನೋಡಬೇಕು. ಅಲ್ಲಿ ನಕ್ಷತ್ರ ಚಿಹ್ನೆ ಹಾಕಿ ಎಲ್ಲ ಬ್ರಾಂಚ್‌ಗೂ ಪ್ರೊಡಕ್ಷನ್ ರೋಲ್ ಬಿಟ್ಟಿರುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಹಾಗೆ ಬಿಟ್ಟರೆ ಬ್ರಾಂಚ್ ಮಾಡಬಲ್ಲ ಎಲ್ಲರಿಗೂ ಪ್ರೊಡಕ್ಷನ್ ಕೊಟ್ಟಂತೆ.

ಬೇರೆ ಕ್ಲೌಡ್‌ಗಳಲ್ಲಿ ಏನು ಬದಲಾಗುತ್ತದೆ

ಎಡಬ್ಲ್ಯುಎಸ್‌ನಲ್ಲಿ ಒಳಗೆ ಬಂದವರು ಒಂದು ರೋಲ್ ಆಗಿಬಿಡುತ್ತಾರೆ. ಹೆಸರು ಸೆಷನ್‌ಗೆ ಅಂಟಿಸಿದ ಚೀಟಿಯಷ್ಟೇ. ಅದಕ್ಕೇ ಅವರನ್ನು ಗ್ರೂಪ್‌ನಿಂದ ತೆಗೆದರೂ ನಡೆಯುತ್ತಿರುವ ಸೆಷನ್‌ಗೆ ಏನೂ ಆಗುವುದಿಲ್ಲ. ಮೈಕ್ರೋಸಾಫ್ಟ್‌ನ ಅಜೂರ್‌ನಲ್ಲಿ ಮತ್ತು ಗೂಗಲ್ ಕ್ಲೌಡ್‌ನಲ್ಲಿ ಒಳಗೆ ಬಂದ ಮೇಲೂ ಅವರು ಅವರೇ. ವ್ಯಕ್ತಿಯ ಹೆಸರಿಗೆ ಕೊಟ್ಟ ಹಕ್ಕನ್ನು ತೆಗೆದರೆ, ಟೋಕನ್ ಜೀವಂತ ಇದ್ದರೂ ಕೆಲವು ನಿಮಿಷದಲ್ಲಿ ಬಾಗಿಲು ಮುಚ್ಚುತ್ತದೆ. ಗೂಗಲ್‌ನಲ್ಲಿ ಒಂದು ಎಚ್ಚರಿಕೆ ಬೇಕು. ಹೊರಗಿನ ಐಡಿಪಿಯ ಗ್ರೂಪ್‌ಗೆ ಹಕ್ಕು ಕೊಟ್ಟಿದ್ದರೆ, ಗ್ರೂಪ್‌ನ ಹೆಸರು ಲಾಗಿನ್ ಹೊತ್ತಿನಲ್ಲೇ ಟೋಕನ್‌ಗೆ ಸೇರಿರುತ್ತದೆ. ಆಗ ಗ್ರೂಪ್‌ನಿಂದ ತೆಗೆದದ್ದು ಮುಂದಿನ ಲಾಗಿನ್‌ವರೆಗೆ ಕಾಣುವುದಿಲ್ಲ.

ಹಕ್ಕಿನ ಗಡಿಯಾರ ಅಜೂರ್‌ನಲ್ಲಿ ಚೆನ್ನಾಗಿದೆ. ಎಂಟ್ರಾದ ಪ್ರಿವಿಲೆಜ್ಡ್ ಐಡೆಂಟಿಟಿ ಮ್ಯಾನೇಜ್‌ಮೆಂಟ್, ಅಂದರೆ ಪಿಮ್, ಎರಡೂ ಗಡಿಯಾರವನ್ನು ಬೇರೆ ಬೇರೆ ಇಡುತ್ತದೆ. "ಇವರು ಈ ಕೆಲಸಕ್ಕೆ ಅರ್ಹರು, ಈ ತಾರೀಕಿನವರೆಗೆ" ಎಂಬುದು ಒಂದು. ಬೇಕಾದಾಗ ಕಾರಣ ಬರೆದು, ಹಕ್ಕನ್ನು ಕೆಲವು ಗಂಟೆಗೆ ಎಬ್ಬಿಸಿಕೊಳ್ಳುವುದು ಇನ್ನೊಂದು. ಎಬ್ಬಿಸುವ ಅವಧಿ ಸುಮ್ನೆ ಬಿಟ್ಟರೆ 8 ಗಂಟೆ, ಹೆಚ್ಚೆಂದರೆ 24. ಮೇಲಿನವರ ಒಪ್ಪಿಗೆ ಬೇಕೆಂದೂ ಹೇಳಬಹುದು. ಇದಕ್ಕೆ ಎಂಟ್ರಾದ ಪಿ2 ಮಟ್ಟದ ಲೈಸೆನ್ಸ್ ಬೇಕು, ಖರ್ಚಿನ ಲೆಕ್ಕದಲ್ಲಿ ಇದನ್ನು ಮೊದಲೇ ಸೇರಿಸಿಕೊಳ್ಳಿ.

ಗೂಗಲ್ ಕ್ಲೌಡ್‌ನಲ್ಲಿ ಜನರಿಗೆ ವರ್ಕ್‌ಫೋರ್ಸ್ ಐಡೆಂಟಿಟಿ ಫೆಡರೇಷನ್, ಯಂತ್ರಗಳಿಗೆ ವರ್ಕ್‌ಲೋಡ್ ಐಡೆಂಟಿಟಿ ಫೆಡರೇಷನ್. ಜನರ ಸೆಷನ್ 15 ನಿಮಿಷದಿಂದ 12 ಗಂಟೆ. ಹಕ್ಕು ಕೊಡುವಾಗಲೇ "ಈ ದಿನ, ಈ ಹೊತ್ತಿನ ತನಕ" ಎಂದು ಷರತ್ತು ಬರೆಯಬಹುದು. ಬಹಳ ಸರಳ, ನನಗೆ ತುಂಬ ಹಿಡಿಸಿದ ವ್ಯವಸ್ಥೆ. ಓನರ್, ಎಡಿಟರ್, ವ್ಯೂವರ್ ಎಂಬ ಮೂರು ಹಳೆಯ ರೋಲ್‌ಗಳಿಗೆ ಮಾತ್ರ ಈ ಷರತ್ತು ಹಾಕಲು ಬರುವುದಿಲ್ಲ. ಗಡುವು ಮುಗಿದ ಸಾಲುಗಳು ಪಾಲಿಸಿಯಲ್ಲೇ ಉಳಿಯುತ್ತವೆ. ಅವು ಕೆಲಸ ಮಾಡುವುದಿಲ್ಲ, ಆದರೆ ಗುಡಿಸದಿದ್ದರೆ ಓದುವವರಿಗೆ ಗೊಂದಲ.

ಅರ್ಧದಲ್ಲಿ ಕತ್ತರಿಸಬೇಕಾದರೆ

ಯಾರದೋ ಲ್ಯಾಪ್‌ಟಾಪ್ ಕಳುವಾಯಿತು. ಐಡಿಪಿಯಲ್ಲಿ ಅಕೌಂಟ್ ನಿಲ್ಲಿಸಿದಿರಿ. ಅದರಲ್ಲಿದ್ದ ಟೋಕನ್‌ಗೆ ಇನ್ನೂ ಏಳು ಗಂಟೆ ಆಯಸ್ಸಿದೆ. ಈಗ?

ನೇರ ಸ್ಯಾಮಲ್‌ನ ರೋಲ್ ಆದರೆ, ಐಎಎಂನಲ್ಲಿ ಆ ರೋಲ್ ತೆರೆದು "ರಿವೋಕ್ ಆ್ಯಕ್ಟಿವ್ ಸೆಷನ್ಸ್" ಒತ್ತಬಹುದು. "ಈ ಕ್ಷಣಕ್ಕಿಂತ ಮೊದಲು ಕೊಟ್ಟ ಎಲ್ಲ ಟೋಕನ್‌ಗೂ ಎಲ್ಲವೂ ನಿಷಿದ್ಧ" ಎಂಬ ಪಾಲಿಸಿಯನ್ನು ಅದು ರೋಲ್‌ಗೆ ಸೇರಿಸುತ್ತದೆ. ಗಮನಿಸಿ, ಅದು ಆ ರೋಲ್‌ನಲ್ಲಿರುವ ಎಲ್ಲರನ್ನೂ ಹೊರಗೆ ಹಾಕುತ್ತದೆ. ಉಳಿದವರು ಮತ್ತೆ ಲಾಗಿನ್ ಆಗಬೇಕು. ಅದಕ್ಕೇ ಹೊರಗಿನಿಂದ ಬಂದವರಿಗೆ ಬೇರೆ ರೋಲ್ ಮಾಡಿ ಎಂದು ಹೇಳುವುದು. ಆಗ ಅವರನ್ನು ಮಾತ್ರ ಕತ್ತರಿಸಬಹುದು, ನಡುರಾತ್ರಿ ಕೈ ನಡುಗುವುದಿಲ್ಲ.

ಐಡೆಂಟಿಟಿ ಸೆಂಟರ್‌ನಲ್ಲಿ ಇಷ್ಟು ಸಲೀಸಲ್ಲ. ಅದು ಮಾಡಿದ ರೋಲ್‌ಗಳನ್ನು ಅಕೌಂಟ್‌ನೊಳಗಿಂದ ತಿದ್ದಲು ಬಿಡುವುದಿಲ್ಲ. ಆರ್ಗನೈಸೇಷನ್ ಮಟ್ಟದಲ್ಲಿ ಒಂದು ಪಾಲಿಸಿ ಮೊದಲೇ ಸಿದ್ಧ ಇಟ್ಟುಕೊಂಡು, ಅದರಲ್ಲಿ ಆ ವ್ಯಕ್ತಿಯ ಐಡಿ ತುಂಬಿ ಹಾಕಬೇಕು. ಬೇಕಾದ ದಿನ ಕೂತು ಬರೆಯುವಂಥದ್ದಲ್ಲ ಅದು. ಇವತ್ತೇ ಬರೆದಿಡಿ. ಒಬ್ಬರನ್ನೇ ಆರಿಸಿ ಕತ್ತರಿಸಬಹುದು ಎಂಬುದು ಇದರ ಲಾಭ.

ಯಾರನ್ನು ಕತ್ತರಿಸಬೇಕು ಎಂದು ಗೊತ್ತಾಗಬೇಕಾದರೆ ಲಾಗ್‌ನಲ್ಲಿ ಹೆಸರಿರಬೇಕು. ನೇರ ಸ್ಯಾಮಲ್‌ನಲ್ಲಿ ಸೆಷನ್‌ನ ಹೆಸರನ್ನು ಐಡಿಪಿ ಕಳಿಸುತ್ತದೆ. ಅಲ್ಲಿ ಈಮೇಲ್ ಕಳಿಸಿ. ಎಲ್ಲರಿಗೂ "ಅಡ್ಮಿನ್" ಎಂದು ಕಳಿಸುವ ವ್ಯವಸ್ಥೆ ನೋಡಿದ್ದೇನೆ, ಎಡಬ್ಲ್ಯುಎಸ್‌ನ ಚಟುವಟಿಕೆ ಲಾಗ್ ಆದ ಕ್ಲೌಡ್‌ಟ್ರೇಲ್‌ನಲ್ಲಿ ಸಾವಿರ ಸಾಲು ಇದ್ದರೂ ಯಾರು ಮಾಡಿದ್ದು ಎಂದು ತಿಳಿಯದು. ಕೀಯ ಮೊದಲ ನಾಲ್ಕು ಅಕ್ಷರವೂ ಸಹಾಯಕ್ಕೆ ಬರುತ್ತದೆ. ಎ, ಎಸ್, ಐ, ಎ ಎಂದು ಶುರುವಾದರೆ ಅದು ತಾತ್ಕಾಲಿಕ. ಎ, ಕೆ, ಐ, ಎ ಎಂದಿದ್ದರೆ ಶಾಶ್ವತ, ಅದನ್ನು ಹುಡುಕಿ ತೆಗೆಯುವ ಪಟ್ಟಿಗೆ ಸೇರಿಸಿ.

ಹಾಗಾದರೆ ಎಷ್ಟು ಗಂಟೆ ಇಡುವುದು?

ನನ್ನ ಲೆಕ್ಕ ಹೀಗಿದೆ. ಪ್ರೊಡಕ್ಷನ್‌ನಲ್ಲಿ ಬದಲಾವಣೆ ಮಾಡುವ ಹಕ್ಕಿಗೆ 1 ಗಂಟೆ. ಬರೀ ನೋಡುವ ಹಕ್ಕಿಗೆ ಒಂದು ಕೆಲಸದ ದಿನ, ಅಂದರೆ 8 ಗಂಟೆ. 12 ಗಂಟೆ ಬೇಕು ಎಂದು ಬರುವವರಲ್ಲಿ ಹೆಚ್ಚಿನವರು ಟರ್ಮಿನಲ್‌ನಲ್ಲಿ ಯಾವುದೋ ಉದ್ದದ ಕೆಲಸ ಓಡಿಸುತ್ತಿರುತ್ತಾರೆ. ಆ ಕೆಲಸವನ್ನು ಅವರ ಸೆಷನ್‌ನಿಂದ ಬಿಡಿಸಿ, ಸರ್ವರ್‌ನ ಸ್ವಂತ ರೋಲ್‌ಗೆ ಕೊಡಿ. ಮನುಷ್ಯರ ಟೋಕನ್ ಉದ್ದ ಮಾಡುವುದು ಅದಕ್ಕೆ ಉತ್ತರವಲ್ಲ.

ಐಡಿಪಿ ಬಿದ್ದ ದಿನ

ಎಲ್ಲ ಬಾಗಿಲೂ ಒಂದೇ ಬೀಗಕ್ಕೆ ಬಂದ ಮೇಲೆ ಆ ಬೀಗದ ಬಗ್ಗೆ ಯೋಚಿಸಲೇಬೇಕು. ಐಡಿಪಿಯ ಸಹಿ ಮಾಡುವ ಕೀ ಕದ್ದವರು ಯಾರ ಹೆಸರಿನಲ್ಲಿ ಬೇಕಾದರೂ ಚೀಟಿ ಬರೆದುಕೊಳ್ಳಬಹುದು. 2017ರಲ್ಲಿ ಭದ್ರತಾ ಕಂಪನಿ ಸೈಬರ್‌ಆರ್ಕ್ ಇದಕ್ಕೆ ಗೋಲ್ಡನ್ ಸ್ಯಾಮಲ್ ಎಂದು ಹೆಸರಿಟ್ಟಿತು. ಸೋಲಾರ್‌ವಿಂಡ್ಸ್ ಕಂಪನಿಯ ತಂತ್ರಾಂಶದ ಮೂಲಕ ನಡೆದು 2020ರಲ್ಲಿ ಬಯಲಾದ ದಾಳಿಯಲ್ಲಿ ಇದೇ ತಂತ್ರ ಬಳಕೆಯಾಯಿತು. ಐಡಿಪಿಯನ್ನು ನೀವೇ ನಡೆಸುತ್ತಿದ್ದರೆ, ಆ ಕೀಯನ್ನು ಎಲ್ಲಿ ಇಟ್ಟಿದ್ದೀರಿ ಎಂಬ ಪ್ರಶ್ನೆ ಈ ಎಲ್ಲ ಹೋಲಿಕೆಗಿಂತ ದೊಡ್ಡದು.

ಇನ್ನೊಂದು ಸಣ್ಣ ವಿಷಯ, ಆದರೆ ಜಾಸ್ತಿ ಕಾಡುವುದು ಇದೇ. ಸಹಿ ಸರ್ಟಿಫಿಕೇಟ್‌ಗೂ ಗಡುವಿದೆ. ಎಂಟ್ರಾದಲ್ಲಿ ಸುಮ್ನೆ ಬಿಟ್ಟರೆ 3 ವರ್ಷ. ಜೋಡಿಸಿದವರು ಬೇರೆ ಕೆಲಸಕ್ಕೆ ಹೋದ ಮೇಲೆ, ಒಂದು ಬೆಳಿಗ್ಗೆ ಯಾರಿಗೂ ಲಾಗಿನ್ ಆಗುವುದಿಲ್ಲ. ಕ್ಯಾಲೆಂಡರ್‌ನಲ್ಲಿ ಒಂದು ತಿಂಗಳು ಮೊದಲೇ ಬರೆದಿಡಿ, ಒಬ್ಬರ ಹೆಸರಿಗಲ್ಲ, ತಂಡದ ಹೆಸರಿಗೆ. ಐಡಿಪಿಯನ್ನು ದಾಟಿ ಒಳಗೆ ಹೋಗುವ ಒಂದು ತುರ್ತು ಅಕೌಂಟ್ ಇರಲಿ. ಅದಕ್ಕೆ ಹಾರ್ಡ್‌ವೇರ್ ಕೀ ಜೋಡಿಸಿ, ಬಳಸಿದ ಕೂಡಲೇ ಎಲ್ಲರಿಗೂ ಸೂಚನೆ ಹೋಗುವ ಹಾಗೆ ಮಾಡಿ.

ಯಾವ ದಾರಿ ಆರಿಸಿದರೂ, ಜನರಿಗೆ ಬಿಡುವ ಮೊದಲು ಒಂದು ಪರೀಕ್ಷೆ ಮಾಡಿ. ಒಂದು ಪರೀಕ್ಷಾ ಯೂಸರ್‌ನಿಂದ ಲಾಗಿನ್ ಆಗಿ, ಟರ್ಮಿನಲ್‌ನಲ್ಲಿ ಪ್ರತಿ ನಿಮಿಷ ಒಂದು ಸಣ್ಣ ಕರೆ ಹೋಗುವ ಹಾಗೆ ಬಿಡಿ. ಈಗ ಐಡಿಪಿಯಲ್ಲಿ ಆ ಯೂಸರ್ ಅನ್ನು ನಿಲ್ಲಿಸಿ. ಕರೆ ಎಷ್ಟು ಹೊತ್ತು ಯಶಸ್ವಿಯಾಗುತ್ತಲೇ ಇರುತ್ತದೆ ಎಂದು ಗಡಿಯಾರ ನೋಡಿ ಬರೆದುಕೊಳ್ಳಿ. ಆಮೇಲೆ ನಿಮ್ಮ ಕತ್ತರಿಸುವ ಪಾಲಿಸಿ ಹಾಕಿ, ಮತ್ತೆ ಬರೆದುಕೊಳ್ಳಿ. ಆ ಎರಡು ಅಂಕಿಯನ್ನು ತಂಡದ ಮುಂದೆ ಇಟ್ಟು, ಇಷ್ಟು ಹೊತ್ತು ನಮಗೆ ಒಪ್ಪಿಗೆಯೇ ಎಂದು ಕೇಳಿ. ಒಪ್ಪಿಗೆ ಇಲ್ಲವೆಂದರೆ ಸೆಷನ್ ಅವಧಿ ಇಳಿಸಿ, ಇನ್ನೊಮ್ಮೆ ಓಡಿಸಿ.